ವೇಷದ ದಾರ

೧೩ ಡಿಸೆಂಬರ್ ೨೦೦೧, ಗುರುವಾರ. ಕೋಡಿಬಾಗ

ಮಧ್ಯಾಹ್ನ ಊಟಕ್ಕೆ ಕೂತಾಗ ಟೀವಿಯಲ್ಲಿ ಸಂಸತ್ತನ್ನು ತೋರಿಸಿದರು. ಗುಂಡಿನ ಸದ್ದು, ಓಡುವ ಪೊಲೀಸರು, ನೆಲದ ಮೇಲೆ ರಕ್ತ. ಸತ್ತವರಲ್ಲಿ ತೋಟದ ಮಾಲಿಯೂ ಒಬ್ಬನಂತೆ. ಗಿಡಕ್ಕೆ ನೀರು ಹಾಕುತ್ತಿದ್ದವನಿಗೆ ಗುಂಡು! ತಟ್ಟೆಯಲ್ಲಿದ್ದ ಬಂಗಡೆಯನ್ನು ಮುಟ್ಟಲಾಗಲಿಲ್ಲ. ಹೆಂಡತಿ ಸುಗಂಧಾ ಬಳೆ ಸದ್ದು ಮಾಡಿಕೊಂಡು ಬಂದು ಟೀವಿ ಆರಿಸಿದಳು. ಮೀನು ಬೆಕ್ಕಿಗೆ ಹೋಯಿತು.

ರಕ್ತವೆಂದರೆ ನನಗೆ ಆಗದು. ಮಾಸ್ತರನಾಗಿದ್ದಾಗ ಮಕ್ಕಳ ಮೊಣಕಾಲು ತರಚಿದರೆ ಮಗುವಿಗಿಂತ ಮೊದಲು ನಾನು ಬೆಂಚು ಹುಡುಕುತ್ತಿದ್ದೆ. ಈಗ ಶಾಸಕನಾಗಿ ಎರಡು ವರ್ಷವಾದರೂ ತಲೆ ತಿರುಗುವುದು ತಪ್ಪಿಲ್ಲ.

ಸಂಜೆಯಿಂದ ಪಕ್ಷದವರ ಫೋನು. ಎಲ್ಲರಿಗೂ ನಾಳೆಯೇ ಯುದ್ಧ ಬೇಕು. ನಾನು ಬೇಡವೆಂದೆ. ಯುದ್ಧಕ್ಕೆ ಹೋಗುವವರು ಹೀಗೆ ಫೋನು ಮಾಡುವವರಲ್ಲ, ಸೈನ್ಯದಲ್ಲಿರುವ ಬೊಮ್ಮಯ್ಯನ ಮಗ ಭರತನಂಥವರು. ಬೊಮ್ಮಯ್ಯ ಚೆಂಡಿಯಾ ಊರಿನ ಗದ್ದೆಯನ್ನು ನೌಕಾನೆಲೆಗೆ ಬಿಟ್ಟುಕೊಟ್ಟು ಈಗ ಬೆಳಂಬಾರದ ಕಡೆಯ ಪುನರ್ವಸತಿ ಕಾಲನಿಯಲ್ಲಿದ್ದಾನೆ. ನೆಲ ಬಿಡಿಸುವ ಗಲಾಟೆಯಲ್ಲಿ ನನ್ನ ಮೇಲೆ ಬೀಳಬೇಕಿದ್ದ ಲಾಠಿಗೆ ತನ್ನ ತಲೆ ಕೊಟ್ಟವನು ಅವನು. ಆ ಗಾಯದ ಗೆರೆಯಲ್ಲಿ ಇಂದಿಗೂ ಕೂದಲಿಲ್ಲ. ನಾನು ಶಾಸಕನಾದದ್ದೂ ಆ ಗೆರೆಯಿಂದಲೇ ಅಂದರೆ ಸುಳ್ಳಲ್ಲ. ಅವರ ಕಾಲನಿಗೆ ಕುಡಿಯುವ ನೀರಿನ ಪೈಪು ಮಾರ್ಚಿನೊಳಗೆ ಮುಗಿಯಬೇಕು. ಮರೆಯಬಾರದೆಂದು ಇಲ್ಲಿ ಬರೆದಿಡುತ್ತಿದ್ದೇನೆ.

೩೦ ಡಿಸೆಂಬರ್, ಭಾನುವಾರ

ಅಂಕೋಲೆಯಲ್ಲಿ ಸಭೆ. ನಾನು ಸಿದ್ಧಮಾಡಿಕೊಂಡು ಹೋದ ಮಾತು ಒಳ್ಳೆಯದೇ ಇತ್ತು: ಸೈನ್ಯ ಸನ್ನದ್ಧವಾಗಿರುವುದೆಂದರೆ ಬರೀ ತೋಪು ಕೊಳ್ಳುವುದಲ್ಲ, ಸೈನಿಕನ ಕಾಲಿಗೆ ಬೂಟು, ಅವನ ಮನೆಯಲ್ಲಿ ನೀರು, ನೆಲ ಕೊಟ್ಟವರಿಗೆ ಪರಿಹಾರ, ಎಲ್ಲವೂ ಅದರಲ್ಲಿ ಸೇರಿದೆ ಎಂದೆ. ಜನ ಕೆಮ್ಮಿದರು. ಮುಂದಿನ ಸಾಲಿನವರೇ ಎದ್ದು ಚಹಾ ಕುಡಿಯಲು ಹೊರಟರು. ನನಗೆ ಅವಮಾನವಾಯಿತು. ಆಗ ಬಾಯಿಗೆ ಬಂತು: "ಗಡಿ ದಾಟಿ ಹೊಡೆಯಬೇಕು!"

ಎಂಥ ಚಪ್ಪಾಳೆ! ಹೊರಟವರು ತಿರುಗಿ ಬಂದರು. ನಮ್ಮ ಪಕ್ಷದ ರೂಪೇಶ, ಹೊಳೆಯ ಮರಳಿನ ಗುತ್ತಿಗೆಯವನು, ನನ್ನನ್ನು ಎತ್ತಿಯೇಬಿಟ್ಟ. "ಮಾಸ್ತರ್ರೆ, ಇದೇ ಮಾತ ಮೊದ್ಲೇ ಹೇಳೂಕಾಗ್ತಿತ್ತಲಾ!" ಎಂದ.

ಆಮೇಲೆ ಶತ್ರುವಿನ ಪ್ರತಿಕೃತಿ ಸುಟ್ಟರು. ಹೊಟ್ಟೆಯೊಳಗೆ ಪಟಾಕಿ ತುಂಬಿದ್ದರು. ಕಾಲು ಒಂದು ಕಡೆ, ತಲೆ ಒಂದು ಕಡೆ ಹಾರಿತು. ನೋಡಬಾರದು ಅಂದುಕೊಂಡೆ, ಆದರೂ ನೋಡಿದೆ. ರೂಪೇಶನ ಮನೆಯಲ್ಲಿ ಕೋಳಿ ಸಾರು. ಎರಡು ಸಲ ಬಡಿಸಿಕೊಂಡೆ.

೧೯ ಜನವರಿ ೨೦೦೨, ಶನಿವಾರ

ಕಾಲನಿಯ ಪ್ರವೇಶದಲ್ಲಿ ಕ್ಷಿಪಣಿಯ ಮಾದರಿ ನಿಲ್ಲಿಸುವುದೆಂದು ತೀರ್ಮಾನ. ಸಿಮೆಂಟಿನದು, ಇಪ್ಪತ್ತೆರಡು ಅಡಿ. ದೇಶಕ್ಕೆ ನೆಲ ಕೊಟ್ಟವರ ಕೇರಿ ಅದು, ಹೆಮ್ಮೆ ಎದ್ದು ಕಾಣಬೇಕು. ನೀರಿನ ಪೈಪಿಗೆ ತೆಗೆದಿಟ್ಟಿದ್ದ ಅನುದಾನವನ್ನು ಸದ್ಯಕ್ಕೆ ಇದಕ್ಕೆ ತಿರುಗಿಸಿದರೆ ಆಯಿತು. ಪೈಪು ಎಲ್ಲಿಗೂ ಓಡಿಹೋಗುವುದಿಲ್ಲ.

ಇಂಜಿನಿಯರ್ ಮಾಬ್ಲೇಶ್ವರ ತಲೆ ಕೆರೆದುಕೊಂಡ. "ಸರ್, ನೀರಿನ ದುಡ್ಡು. ಅಲ್ಲಿ ಹೆಂಗಸ್ರು ಮೈಲಿಗಟ್ಲೆ ಕೊಡ ಹೊರ್ತ್ರು" ಎಂದ. ಗಡಿಯಲ್ಲಿ ಸೈನ್ಯ ನಿಂತಿರುವಾಗ ಇವನಿಗೆ ಕೊಡದ ಚಿಂತೆ! ಕೈ ತಾನಾಗಿ ಎದ್ದಿತು. ಅವನ ತುಟಿ ಒಡೆದು ಫೈಲಿನ ಮೇಲೆ ಎರಡು ಹನಿ ಬಿತ್ತು. ಇಷ್ಟು ವರ್ಷ ಪಾಠ ಹೇಳಿದರೂ ಒಂದು ಮಗುವಿಗೆ ಹೊಡೆದವನಲ್ಲ ನಾನು. ಬೇಜಾರಾಯಿತು. ಆದರೆ ತಲೆ ತಿರುಗಲಿಲ್ಲ, ವಿಚಿತ್ರ. ಹೊಸ ರಕ್ತದೊತ್ತಡದ ಮಾತ್ರೆ ಹಿಡಿಸಿರಬೇಕು.

ಅವನು ಫೈಲಿಗೆ ಸಹಿ ಹಾಕಿದ.

೧೦ ಫೆಬ್ರವರಿ, ಭಾನುವಾರ

ಬೆಳಿಗ್ಗೆ ಬೊಮ್ಮಯ್ಯ ಬಂದ. ಮಡಿಲಲ್ಲಿ ಕಟ್ಟಿಕೊಂಡು ತಂದದ್ದು ಭರತನ ಪತ್ರ. ಅಂಚೆಯಲ್ಲಿ ಬಂದದ್ದಲ್ಲ, ರಜೆಯಲ್ಲಿ ಬಂದ ಯಾರದೋ ಕೈಯಲ್ಲಿ ಕಳಿಸಿದ್ದು. ಬೊಮ್ಮಯ್ಯನಿಗೆ ಓದು ಬರದು, ನಾನೇ ಓದಿ ಹೇಳಿದೆ.

ಭರತ ರಾಜಸ್ಥಾನದ ಗಡಿಯಲ್ಲಿ ನೆಲಬಾಂಬು ಹೂಳುವ ತಂಡದಲ್ಲಿದ್ದಾನೆ. ಬಾಂಬುಗಳು ಹಳೆಯವು, ಮುಟ್ಟಿದರೆ ಸಿಡಿಯುವ ಹಾಗಿವೆಯಂತೆ. ಕೈಗವಸು ಎಲ್ಲರಿಗೂ ಇಲ್ಲ. ಪಕ್ಕದಲ್ಲಿ ಕೂತಿದ್ದ ಗೆಳೆಯನ ಎರಡೂ ಕೈ ಮಣಿಕಟ್ಟಿನವರೆಗೆ ಹಾರಿಹೋದವಂತೆ. ಒಂದು ಬೆರಳು ಭರತನ ತೊಡೆಯ ಮೇಲೆ ಬಿತ್ತು. ಅದರಲ್ಲಿ ಉಂಗುರ ಇತ್ತು ಎಂದು ಬರೆದಿದ್ದಾನೆ.

ಬೊಮ್ಮಯ್ಯ ನನ್ನ ಕಾಲ ಬುಡದಲ್ಲಿ ಕೂತ. "ಮಾಸ್ತರ್ರೆ, ನೀವು ದೊಡ್ಡ ಸಭೆಲಿ ಮಾತಾಡೂರು. ಇದ ಅಲ್ಲಿ ಓದಿ. ನನ್ ಮಗನ ಹೆಸ್ರು ಹೇಳೂದು ಬೇಡ. ಹುಡಗ್ರ ಕೈಗೆ ಹಾಕೂಕೆ ಒಂದ್ ಚೀಲ ಕೊಡಿ ಅಂತ ಮಾತ್ರ ಕೇಳಿ."

ಹೀಗೆಲ್ಲ ಓದಿದರೆ ಸೈನ್ಯದ ಧೈರ್ಯ ಕುಗ್ಗುತ್ತದೆ, ಶತ್ರು ನಗುತ್ತಾನೆ ಎಂದು ತಿಳಿಸಿ ಹೇಳಿದೆ. ಅವನು ನನ್ನ ಕೈಯಿಂದ ಪತ್ರ ತೆಗೆದುಕೊಂಡ. "ಶತ್ರು ನಗೂದು ಬಿಡಿ, ಇವ್ನ ಹೆತ್ತ ಅಬ್ಬಿ ಅಳ್ತದ್ಯಲಾ" ಎಂದು ಪತ್ರವನ್ನು ಮತ್ತೆ ಮಡಿಲಿಗೆ ಸೇರಿಸಿ ಎದ್ದ. ಚಹಾ ಕುಡಿಯದೆ ಹೋದ. ಓದು ಬಾರದವರಿಗೆ ರಾಷ್ಟ್ರನೀತಿ ಹೇಳುವುದು ಕಷ್ಟ.

೫ ಮಾರ್ಚ್, ಮಂಗಳವಾರ. ಬೆಂಗಳೂರು

ಇಂದು ಸದನದಲ್ಲಿ ಹದಿನೆಂಟು ನಿಮಿಷ ಮಾತಾಡಿದೆ! ಬಂದೂಕು ಮೊದಲು, ಬಾವಿ ಆಮೇಲೆ. ಪ್ರತಿ ಇಲಾಖೆಯ ಖರ್ಚಿನಲ್ಲಿ ಹತ್ತರಲ್ಲೊಂದು ಪಾಲು ದೇಶರಕ್ಷಣೆಗೆ ಹೋಗಲಿ. ಹತ್ತು ಸಾವಿರ ಜನ ಸತ್ತರೂ ಚಿಂತೆಯಿಲ್ಲ, ಈ ಸಲ ಮುಗಿಸಿಯೇ ಬಿಡಬೇಕು. ಈ ಹೊತ್ತಿನಲ್ಲಿ ನನಗೆ ಅದು ಕೊಡಿ, ಇದು ಕೊಡಿ ಎನ್ನುವವನು ಗಡಿಯಾಚೆಯವನಿಗಿಂತ ಕಡಿಮೆಯ ಶತ್ರುವಲ್ಲ.

ಮೇಜು ಕುಟ್ಟಿದರು. ಹತ್ತು ಸಾವಿರ ಎಂದು ಎಲ್ಲಿಂದ ಬಂತೋ ಗೊತ್ತಿಲ್ಲ, ಕೇಳಲು ತೂಕವಾಗಿತ್ತು. ಸಂಪುಟ ವಿಸ್ತರಣೆಯ ಪಟ್ಟಿಯಲ್ಲಿ ನನ್ನ ಹೆಸರಿದೆ ಎಂದು ಜಿಲ್ಲಾಧ್ಯಕ್ಷರು ಕಿವಿಯಲ್ಲಿ ಹೇಳಿದರು.

೧೬ ಮಾರ್ಚ್, ಶನಿವಾರ

ಕಾಲನಿಯ ಹೆಂಗಸರು ಖಾಲಿ ಕೊಡ ಇಟ್ಟು ಹೆದ್ದಾರಿ ತಡೆದರು. ನಾನೇ ಪೊಲೀಸರಿಗೆ ಫೋನು ಮಾಡಿದೆ. ಕಾಲು ಗಂಟೆಯಲ್ಲಿ ರಸ್ತೆ ಖಾಲಿ. ಕೊಡಗಳೆಲ್ಲ ಅಪ್ಪಚ್ಚಿ, ಮೂವರಿಗೆ ತಲೆಗೆ ಹೊಲಿಗೆ. ಬೊಮ್ಮಯ್ಯನ ಹೆಂಡತಿ ಹೊನ್ನುವಿನ ಎಡಗೈ ಮುರಿದಿದೆಯಂತೆ.

"ನೀವು ಒಮ್ಮೆ ಹೋಗಿ ಬರೂದಲ್ದ?" ಎಂದಳು ಸುಗಂಧಾ. ನಾಳೆ ಹೋದರಾಯಿತು ಎಂದೆ. ನಾಳೆ ಹಳಿಯಾಳದಲ್ಲಿ ಕಾರ್ಯಕ್ರಮವಿದೆ ಎಂಬುದು ಆಮೇಲೆ ನೆನಪಾಯಿತು.

೨೪ ಮಾರ್ಚ್, ಭಾನುವಾರ

ಸಿಟ್ಟಾಗಿದ್ದಾನೆ ಅಂದುಕೊಂಡಿದ್ದೆ, ಬೊಮ್ಮಯ್ಯ ತಾನಾಗಿ ಬಂದ. ಒಳಗೆ ಮಾತ್ರ ಬರಲಿಲ್ಲ, ಅಂಗಳದಲ್ಲೇ ನಿಂತ. "ಮಾಸ್ತರ್ರೆ, ಒಂದ್ ಹಳೇ ಅಂಗಿ ಕೊಡಿ. ಈ ಸಲ ಸುಗ್ಗಿ ಹಗರಣಕ್ಕೆ ನೀವೇಯ."

ಹೋಳಿಯ ದಿನ ಅವನ ಮೇಳ ಬೀದಿಯಲ್ಲಿ ಹಗರಣ ಆಡುತ್ತದೆ. ವರ್ಷವಿಡೀ ಊರಿನಲ್ಲಿ ಮೆರೆದವರನ್ನು ಅಣಕಿಸುವ ಆಟ. ತಹಶೀಲ್ದಾರ, ಡಾಕ್ಟರು, ಪಟೇಲರು ಯಾರನ್ನೂ ಬಿಟ್ಟಿಲ್ಲ. ಮೇಳಕ್ಕೆ ಅದರದೇ ಕಟ್ಟಳೆಯಿದೆ. ಯಾರ ವೇಷವೋ ಅವರ ಬಟ್ಟೆಯನ್ನೇ ಬೇಡಿ ತರಬೇಕು. ವೇಷ ಕಟ್ಟುವಾಗ ಮಣಿಕಟ್ಟಿಗೆ ಕೆಂಪು ದಾರ ಕಟ್ಟುತ್ತಾರೆ. ಆಟ ಮುಗಿದಾಗ ಅಣಕಿಸಿಕೊಂಡವನು ನಕ್ಕು, ತನ್ನ ಕೈಯಿಂದ ತೆಂಗಿನಕಾಯಿ ಕೊಡಬೇಕು. ಆಗ ದಾರ ಹರಿದು ವೇಷ ಕಳಚುತ್ತಾರೆ. ಅಲ್ಲಿಗೆ ಇಬ್ಬರ ಮನಸ್ಸೂ ಸಾಫ್.

"ಕಾಯಿ ಕೊಡದಿದ್ದರೆ?" ಎಂದೆ ತಮಾಷೆಗೆ.

"ಕೊಡೂ ತನ್ಕ ನಾ ನೀವೇಯ. ದಾರ ಹರೀದೇ ನಾ ಸತ್ರೆ ಸತ್ತವ ದೇವಿದಾಸ ಮಾಸ್ತರ, ಬೊಮ್ಮಯ್ಯ ಅಲ್ಲ. ನಮ್ಮ ಅಜ್ಜನ ಕಾಲ್ದಲ್ಲಿ ಹಂಗೇ ಒಂದ್ ಆಗಿತ್ತಂತೆ, ಪಟೇಲ ಬದಕಿದ್ದಾಗ್ಲೇ ಅವ್ನ ಹೆಸ್ರಲ್ಲಿ ಹನ್ನೆರಡ್ನೇ ದಿನ ಮಾಡಿದ್ರಂತೆ!" ಎಂದು ನಕ್ಕ. ಸುಗಂಧಾ ಬಾಗಿಲಲ್ಲಿ ನಿಂತಿದ್ದವಳು "ಪುರೋ, ಸಾಕು, ಒಳ್ಳೇ ಮಾತಾಡಿ" ಎಂದು ಗದರಿದಳು. ಬಿಳಿ ಅಂಗಿಯನ್ನೂ ನನ್ನ ಹಳೆಯ ಕನ್ನಡಕವನ್ನೂ ಅವಳೇ ತಂದುಕೊಟ್ಟಳು. ಹೊನ್ನುವಿನ ಕೈಯ ಸುದ್ದಿಯನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

೨೯ ಮಾರ್ಚ್, ಶುಕ್ರವಾರ

ಬರೆಯುವಾಗ ಪೆನ್ನಿನ ಮೊನೆಗೆ ಹಾಳೆ ಹರಿಯಿತು. ಸಿಟ್ಟಿನಿಂದ!

ಕಾಲನಿಯ ಎದುರಿನ ಬಯಲಲ್ಲಿ ನನಗೆ ಕುರ್ಚಿ ಹಾಕಿದ್ದರು. ಪತ್ರಿಕೆಯವರೂ ಇದ್ದರು. ಬಾಳೆದಿಂಡಿಗೆ ಸುಣ್ಣ ಬಳಿದು ಕ್ಷಿಪಣಿ ಮಾಡಿ ಕೈಗಾಡಿಯ ಮೇಲೆ ಇಟ್ಟಿದ್ದರು. ಅದರ ಮೇಲೆ ನನ್ನ ಅಂಗಿ, ನನ್ನ ಕನ್ನಡಕ ಹಾಕಿಕೊಂಡು ಬೊಮ್ಮಯ್ಯ. ನಾನು ಮಾತಿನ ಮಧ್ಯೆ ತೋರುಬೆರಳು ಎತ್ತುವುದು, ಎತ್ತಿದ ಮೇಲೆ ಒಮ್ಮೆ ಕನ್ನಡಕ ಸರಿಮಾಡಿಕೊಳ್ಳುವುದು, ಎಲ್ಲವೂ ಹಾಗೆಹಾಗೇ. ನಾನೂ ನಕ್ಕೆ. ಹೆಂಗಸಿನ ವೇಷದವನೊಬ್ಬ ಖಾಲಿ ಕೊಡ ಹಿಡಿದು "ನೀರು, ಒಡೆಯಾ" ಎಂದ. "ಬಾಯಿ ಬಿಡು, ಕ್ಷಿಪಣಿ ಕುಡಿಸ್ತೆ!" ಎಂದ ನಾನು. ನಾನಲ್ಲ, ಬೊಮ್ಮಯ್ಯ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಲ್ಲಿಗೆ ನಿಲ್ಲಿಸಿದ್ದರೆ ಕಾಯಿ ಕೊಟ್ಟು ಬರುತ್ತಿದ್ದೆ. ಅವನು ನನ್ನ ಅಂಗಿಯ ಕಿಸೆಯಿಂದ ಭರತನ ಪತ್ರ ತೆಗೆದ. ಓದು ಬಾರದವನು, ಯಾರಿಂದಲೋ ಓದಿಸಿಕೊಂಡು ಬಾಯಿಪಾಠ ಮಾಡಿದ್ದಾನೆ. ಹಳೆಯ ಬಾಂಬು, ಕೈಗವಸು, ಉಂಗುರದ ಬೆರಳು, ಎಲ್ಲವನ್ನೂ ನನ್ನ ಧ್ವನಿಯಲ್ಲೇ ಹೇಳಿದ. ನಾನು ಸದನದಲ್ಲಿ ಓದುತ್ತಿರುವ ಹಾಗೆ! ಯಾರೂ ನಗಲಿಲ್ಲ. ಒಬ್ಬಳು ಮುದುಕಿ ಕಣ್ಣೊರೆಸಿಕೊಂಡಳು. ಪತ್ರಿಕೆಯವರು ಬರೆದುಕೊಂಡರು.

ಆಮೇಲೆ ಬಂದು ನನ್ನೆದುರು ಕೆಂಪು ದಾರದ ಕೈ ಚಾಚಿದ. ಸುಗಂಧಾ ಚೀಲದಿಂದ ಕಾಯಿ ತೆಗೆದು ನನ್ನ ಕೈಗಿಟ್ಟಳು. "ಸೈನ್ಯದ ಗುಟ್ಟು ಬೀದಿಯಲ್ಲಿ ಮಾರುವ ದ್ರೋಹಿಗೆ ಕಾಯಿಯೇ?" ಎಂದು ಹೇಳಿ ಕಾಯಿಯನ್ನು ಚೀಲಕ್ಕೆ ಹಾಕಿ ಎದ್ದೆ. "ಮಾಸ್ತರ್ರೆ, ಬಯ್ಯಿರಿ, ಹೊಡೀರಿ. ಕಾಯಿ ಕೊಟ್ಟು ಹೊಡೀರಿ" ಎನ್ನುತ್ತ ಕಾರಿನ ತನಕ ಬಂದ. ನನ್ನದೇ ಮುಖ ನನ್ನ ಹಿಂದೆ ಓಡಿಬಂದ ಹಾಗೆ ಅಸಹ್ಯವಾಯಿತು.

ಕಾರಿನ ಬಾಗಿಲು ಹಾಕಿದ ರೂಪೇಶನಿಗೆ "ಅವನ ನಾಲಗೆ ಇರಬಾರದು" ಎಂದೆ. ಸಿಟ್ಟಿನಲ್ಲಿ ಯಾರಾದರೂ ಹೇಳುವ ಮಾತು ಅದು.

೩೦ ಮಾರ್ಚ್, ಶನಿವಾರ

ಬೆಳಿಗ್ಗೆ ಇನ್ಸ್‌ಪೆಕ್ಟರ್ ಫೋನು. "ಸರ್, ನೀವು ಆರಾಮಿದ್ರಲ್ಲ?" ಎಂದು ಕೇಳಿದ. ಹಳ್ಳದ ದಂಡೆಯಲ್ಲಿ ಸಿಕ್ಕವನ ಅಂಗಿಯ ಕಾಲರಿನಲ್ಲಿ ಮಡಿವಾಳನು ಹಾಕಿದ ನನ್ನ ಮನೆಯ ಗುರುತು ಇತ್ತಂತೆ. ಮುಖದಿಂದ ಗುರುತು ಹಿಡಿಯುವ ಹಾಗಿರಲಿಲ್ಲವಂತೆ.

ಬೊಮ್ಮಯ್ಯ ಉಸಿರಾಡುತ್ತಿದ್ದಾನೆ. ಅಂಕೋಲೆಯ ಆಸ್ಪತ್ರೆಯಲ್ಲಿದ್ದಾನೆ.

ಮಧ್ಯಾಹ್ನ ರೂಪೇಶ ಬಂದ. ಕೇಳದಿದ್ದರೂ ಎಲ್ಲ ಹೇಳಿದ. ನಾನು ಹೊರಟ ಮೇಲೆ ಇವನ ಕಡೆಯ ಐದು ಜನ ಬೊಮ್ಮಯ್ಯನನ್ನು ಹಳ್ಳದ ಹತ್ತಿರ ತಡೆದರು. ಕೈಗಾಡಿಯ ಬಿದಿರು ಕಿತ್ತುಕೊಂಡು ಮೊದಲು ಮೊಣಕಾಲಿಗೆ ಹೊಡೆದರು. ಬೊಮ್ಮಯ್ಯ ಇದೂ ಹೋಳಿಯ ಆಟವೆಂದು ತಿಳಿದನೋ ಏನೋ, ಬಿದ್ದಲ್ಲಿಂದಲೇ ಬೆರಳೆತ್ತಿ ನನ್ನ ಧ್ವನಿಯಲ್ಲಿ "ನಾನು ನಿಮ್ಮ ಶಾಸಕ!" ಎಂದನಂತೆ. ಇವರು ನಕ್ಕು ಬಾಯಿಗೆ ಹೊಡೆದರು. ಹಲ್ಲು ಉದುರಿದ ಮೇಲೂ ಅವನು "ಕಾಯಿ, ಕಾಯಿ" ಎನ್ನುತ್ತಿದ್ದ. ಒಬ್ಬ ಮುಖಕ್ಕೆ ಒದ್ದಾಗ ಕನ್ನಡಕದ ಗಾಜು ಕಣ್ಣಿಗೆ ಇಳಿಯಿತು. ಎತ್ತಿಹಾಕುವ ಪ್ರತಿ ಹೊಡೆತಕ್ಕೂ "ಗಡಿ ದಾಟಿ ಹೊಡೆಯಬೇಕು" ಎಂದು ಕೂಗುತ್ತಿದ್ದರಂತೆ. "ನಿಮ್ಮದೇ ಮಾತ ಮಾಸ್ತರ್ರೆ" ಎಂದ ರೂಪೇಶ, ಹೆಮ್ಮೆಯಿಂದ.

ನೀನು ತಪ್ಪು ಮಾಡಿದೆ ಎಂದು ಅವನಿಗೆ ಗಟ್ಟಿಯಾಗಿಯೇ ಹೇಳಿದೆ. ಆಮೇಲೆ ನಾಲ್ಕು ದಿನ ಊರಿನಲ್ಲಿರಬೇಡ ಎಂದೆ. ಊಟಕ್ಕೆ ಸುಂಗಟೆ ಮೀನಿನ ಸಾರು ಮಾಡಿದ್ದಳು ಸುಗಂಧಾ. ತಾನು ಮಾತ್ರ ತಿನ್ನಲಿಲ್ಲ.

೧ ಏಪ್ರಿಲ್, ಸೋಮವಾರ

ಸುಗಂಧಾ ಆಸ್ಪತ್ರೆಗೆ ಹೋಗಿ ಬಂದಳು. ನರ್ಸು ಸೂಜಿ ಚುಚ್ಚಲು ಬೊಮ್ಮಯ್ಯನ ಮಣಿಕಟ್ಟಿನ ದಾರ ಕತ್ತರಿಸಲು ಹೋದರೆ ಹೊನ್ನು ತನ್ನ ಮುರಿದ ಕೈಯನ್ನೇ ಅಡ್ಡ ಹಿಡಿದಳಂತೆ. "ಕಾಯಿ ಕೊಟ್ಟು ಬನ್ನಿ. ಕಾರಲ್ಲಿ ಒಂದ್ ತಾಸಿನ ದಾರಿ" ಎಂದಳು ಸುಗಂಧಾ.

ಹೊರಟೆ. ನಿಜವಾಗಿ ಹೊರಟಿದ್ದೆ, ಕಾಯಿ ಕೈಯಲ್ಲೇ ಇತ್ತು. ಆಗ ಜಿಲ್ಲಾಧ್ಯಕ್ಷರ ಫೋನು. ಈಗ ಹೋಗಿ ಕಾಯಿ ಕೊಟ್ಟರೆ ನಾನೇ ಮಾಡಿಸಿದೆ ಎಂದು ಒಪ್ಪಿದಂತೆ, ಪಟ್ಟಿ ಈ ವಾರ ಹೊರಬೀಳುತ್ತದೆ ಎಂದರು. ಅವರು ಹೇಳುವುದರಲ್ಲೂ ಅರ್ಥವಿದೆ. ಕಾಯಿಯನ್ನು ದೇವರ ಮುಂದೆ ಇಟ್ಟೆ.

೩ ಏಪ್ರಿಲ್, ಬುಧವಾರ

ಬೊಮ್ಮಯ್ಯ ಬೆಳಿಗ್ಗೆ ಹೋದ.

ಒಳ್ಳೆಯ ಮನುಷ್ಯ. ಬೇಡದ್ದಕ್ಕೆ ಕೈ ಹಾಕಿದ. ಹೋಳಿಯ ಗದ್ದಲದಲ್ಲಿ ಕುಡಿದವರ ಜಗಳ ಎಂದು ಪತ್ರಿಕೆಗೆ ಹೇಳಿಕೆ ಕೊಟ್ಟೆ. ಸುಳ್ಳು ಹೇಳಿಲ್ಲ. ಹೋಳಿ ಇತ್ತು, ಕುಡಿದವರೂ ಇದ್ದರು.

೪ ಏಪ್ರಿಲ್, ಗುರುವಾರ

ಮಧ್ಯಾಹ್ನ ಗೇಟಿನ ಹೊರಗೆ ಹೊನ್ನು ಮತ್ತು ಭರತ. ಅವನು ಸ್ಟೇಷನ್ನಿನಿಂದ ನೇರ ಬಂದವನು, ಮಿಲಿಟರಿ ಉಡುಪಿನಲ್ಲೇ ಇದ್ದ. ಹಿಂದೆ ಕಾಲನಿಯ ನಲವತ್ತು ಐವತ್ತು ಜನ. ಯಾರೂ ಕೂಗಲಿಲ್ಲ. ಕಲ್ಲು ಬಂದಿದ್ದರೆ ಪೊಲೀಸರಿಗೆ ಹೇಳಬಹುದಿತ್ತು.

"ಮಾಸ್ತರ್ರೆ, ಕಾಯಿ ಕೊಡಿ" ಎಂದಳು ಹೊನ್ನು. "ಹೆಣ ಇನ್ನೂ ನಿಮ್ಮ ವೇಷದಲ್ಲೇ ಅದೆ. ನಂಗೆ ನನ್ ಗಂಡನ್ನ ಸುಡೂಕೆ ಕೊಡಿ."

ಸುಗಂಧಾ ದೇವರ ಮುಂದಿನ ಕಾಯಿ ತಂದು ಕೊಡಲು ಹೋದಳು. ಹೊನ್ನು ಕೈ ಹಿಂದೆ ತೆಗೆದಳು. "ನೀವಲ್ದ ಅಕ್ಕೋರೆ. ಅವ್ರ ಕೈಯಿಂದ."

ಭರತ ನೆಟ್ಟಗೆ ನಿಂತಿದ್ದ. "ಸರ್, ನಾವು ಹೂತ ಬಾಂಬಿಗೆ ನಕ್ಷೆ ಇರ್ತದೆ. ನಾಳೆ ಯುದ್ಧ ಇಲ್ಲಾಂದ್ರೆ ಅದ ನೋಡಿ ನಾವೇ ತೆಗೀತೇವೆ. ಇದು ನೀವು ಹೂತದ್ದು. ನೀವೇ ತೆಗೀಬೇಕು" ಎಂದ.

ಒಂದೆರಡು ಹೆಜ್ಜೆ ಇಟ್ಟದ್ದು ನೆನಪಿದೆ. ರಸ್ತೆಯಾಚೆ ಕ್ಯಾಮೆರಾ ಹಿಡಿದವನೊಬ್ಬ ಕಂಡ. ನಿಂತೆ. "ಕಾನೂನು ತನ್ನ ಕೆಲಸ ಮಾಡುತ್ತದೆ. ಈ ಮೂಢನಂಬಿಕೆಗೆಲ್ಲ ನಾನು ಬಗ್ಗುವುದಿಲ್ಲ" ಎಂದೆ. ಶಾಸಕನೊಬ್ಬ ಹೇಳಬೇಕಾದ ಮಾತೇ ಅದು. ಹೊನ್ನು ಅಳಲಿಲ್ಲ. ನನ್ನನ್ನು ಕೊನೆಯ ಸಲವೆಂಬಂತೆ ಸರಿಯಾಗಿ ನೋಡಿದಳು. ಆಮೇಲೆ ತಿರುಗಿ ಜನಕ್ಕೆ ಹೇಳಿದಳು: "ನಡೀರಿ. ಮಾಸ್ತರ್ನ ಸುಡ್ವಾ."

ಸುಗಂಧಾ ಚಪ್ಪಲಿ ಹಾಕಿಕೊಂಡು ಅವರ ಹಿಂದೆ ಹೋದಳು. ಕರೆದೆ, ಕೇಳಿಸಲಿಲ್ಲವೋ ಏನೋ.

೫ ಏಪ್ರಿಲ್, ಶುಕ್ರವಾರ

ಸುಗಂಧಾ ಬೆಳಗಿನ ಬಸ್ಸಿಗೆ ಬಂದಳು. ದಾರ ಕೈಯಲ್ಲಿದ್ದ ಹಾಗೇ ಸುಟ್ಟರಂತೆ. ಅಷ್ಟು ಹೇಳಿ ಬಚ್ಚಲಿಗೆ ಹೋದಳು. ಪಟ್ಟಿ ಮುಂದಕ್ಕೆ ಹೋಗಿದೆ.

೧೬ ಏಪ್ರಿಲ್, ಮಂಗಳವಾರ

ಕ್ಷಿಪಣಿಯ ಮಾದರಿ ಸಿದ್ಧವಾಗಿದೆ. ನೋಡಲು ನಿನ್ನೆ ಕಾಲನಿಗೆ ಹೋಗಿದ್ದೆ. ಚೆನ್ನಾಗಿ ಬಂದಿದೆ, ಬುಡದಲ್ಲಿ ಸ್ವಲ್ಪ ಬಿರುಕಿದೆ ಅಷ್ಟೇ. ಸೋಮವಾರವಾದರೂ ಯಾರೂ ಕೂಲಿಗೆ ಹೋಗಿರಲಿಲ್ಲ. ಹನ್ನೆರಡನೇ ದಿನದ ಊಟ ನಡೆದಿತ್ತು. ಭರತ ಕೇಶ ತೆಗೆಸಿ ಕೂತಿದ್ದ. ಭಟ್ಟರು ಸತ್ತವರ ಹೆಸರು ಕೇಳಿದಾಗ "ದೇವಿದಾಸ" ಎಂದ. ನನ್ನ ಕಿವಿಯಿಂದಲೇ ಕೇಳಿದೆ. ಹೊನ್ನು ಹಣೆಗೆ ಕುಂಕುಮ ಇಟ್ಟುಕೊಂಡು, ಕೈತುಂಬ ಬಳೆ ಹಾಕಿಕೊಂಡು ಬಡಿಸುತ್ತಿದ್ದಳು. ಕೇಳಿದರೆ ಗಂಡ ಎಲ್ಲಿಗೋ ಹೋಗಿದ್ದಾನೆ, ಬರುತ್ತಾನೆ ಎನ್ನುತ್ತಾಳಂತೆ. ಎಂಥ ಜನ! ಇವರಿಗೆ ಹದಿನೈದು ವರ್ಷ ವಿಜ್ಞಾನ ಕಲಿಸಿದವನು ನಾನು.

ನಾನು ನಮಸ್ಕರಿಸಿದೆ. ಯಾರೂ ತಿರುಗಿ ಕೈ ಮುಗಿಯಲಿಲ್ಲ, ಬಯ್ಯಲೂ ಇಲ್ಲ. ಮುದುಕಿಯೊಬ್ಬಳು ಕೊಡ ಹೊತ್ತು ನೇರ ನನ್ನ ಕಡೆಗೇ ಬಂದಳು, ನಾನೇ ಪಕ್ಕಕ್ಕೆ ಸರಿಯಬೇಕಾಯಿತು. ಕಣ್ಣು ಮಂಜಾಗಿರಬೇಕು.

ಇಂದು ಹನ್ನೊಂದಕ್ಕೆ ಟೀವಿಯವರು ಬರುತ್ತಾರೆ. ದೇಶರಕ್ಷಣೆಯ ಬಗ್ಗೆ ಮನೆಯಲ್ಲೇ ಸಂದರ್ಶನ, ಪತ್ನಿಯೂ ಪಕ್ಕದಲ್ಲಿರಲಿ ಎಂದಿದ್ದಾರೆ. ಇದನ್ನು ಬರೆಯುತ್ತಿದ್ದಾಗ ಸುಗಂಧಾ ಚಹಾ ಇಟ್ಟು ಹೋದಳು. ಬಳೆಯ ಸದ್ದೇ ಇರಲಿಲ್ಲ, ಹಾಗಾಗಿ ಬಂದದ್ದು ಗೊತ್ತಾಗಲಿಲ್ಲ. ಹಣೆಯೂ ಬರಿದು. ಈಚೆಗೆ ಅವಳಿಗೆ ಮರೆವು ಜಾಸ್ತಿಯಾಗಿದೆ. ಅವರು ಬರುವುದರೊಳಗೆ ಕುಂಕುಮ ಇಟ್ಟುಕೋ ಎಂದು ಎರಡು ಸಲ ಕೂಗಿ ಹೇಳಿದೆ. ಒಳಗೆ ಪಾತ್ರೆ ತೊಳೆಯುವ ಸದ್ದು ನಿಲ್ಲದೆ ಕೇಳುತ್ತಿದೆ.